ಕಸವಾಗದಂತೆ ಮಾಡುವ ಜಾಣ್ಮೆ

ಕಸ ಯಾವಾಗ ಹುಟ್ಟುತ್ತದೆ? ನಾವು ಎಸೆದಾಗ ಎಂದು ಹೆಚ್ಚಿನವರು ಉತ್ತರಿಸುವರು. ನಿಜವಾಗಿ ನೋಡಿದರೆ, ವಸ್ತುವೊಂದನ್ನು ರೂಪಿಸುವವನ ಮನಸ್ಸಿನಲ್ಲೇ ಅದರ ಕಸವೂ ಹುಟ್ಟಿರುತ್ತದೆ. ಯಾವ ಸಾಮಗ್ರಿ ಬಳಸಬೇಕು, ಅದು ಎಷ್ಟು ಕಾಲ ಬಾಳಬೇಕು, ಮುರಿದರೆ ರಿಪೇರಿ ಮಾಡಬಹುದೇ ಎಂಬುದೆಲ್ಲ ಅಲ್ಲಿಯೇ ನಿಶ್ಚಯವಾಗುತ್ತದೆ. ಆದುದರಿಂದ ಬಿದ್ದ ಕಸವನ್ನು ಗುಡಿಸುವುದಕ್ಕಿಂತ, ಕಸವಾಗದಂತೆ ವಸ್ತುವನ್ನು ರೂಪಿಸುವುದು ಮೇಲು. ಇದಕ್ಕೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲೇ ಒಳ್ಳೆಯ ನಿದರ್ಶನವಿದೆ.

ಅಡಿಕೆ ಮರದ ಸೋಗೆ ಒಣಗಿ ಬೀಳುವಾಗ ಅದರ ಬುಡದ ಹಾಳೆಯೂ ಜೊತೆಗೆ ಬೀಳುತ್ತದೆ. ನಮ್ಮ ಹಿರಿಯರು ಅದನ್ನು ಕಸವೆಂದು ಬಗೆಯಲಿಲ್ಲ. ಮಡಚಿ ಹೊಲಿದರೆ ತಲೆಗೆ ಮುಟ್ಟಾಳೆಯಾಯಿತು, ಕತ್ತರಿಸಿದರೆ ಬೀಸಣಿಗೆಯಾಯಿತು. ಎಣ್ಣೆ ಹಚ್ಚಿದ ಎಳೆಮಗುವನ್ನು ಮೀಯಿಸಲು ಮಲಗಿಸುತ್ತಿದ್ದುದೂ ಹಾಳೆಯ ಮೇಲೆಯೇ. ಮಕ್ಕಳಿಗೆ ಅದೇ ಎಳೆದಾಡುವ ಬಂಡಿ. ಕೊನೆಗೆ ಹರಿದುಹೋದದ್ದು ಮರದ ಬುಡ ಸೇರಿ ಗೊಬ್ಬರವಾಗುತ್ತಿತ್ತು.

ಇದೇ ಹಾಳೆ ಈಗ ಊಟದ ತಟ್ಟೆಯಾಗಿದೆ. ಹಾಳೆಯನ್ನು ತೊಳೆದು, ನೀರಿನಲ್ಲಿ ನೆನೆಸಿ ಮೆದು ಮಾಡಿ, ಬಿಸಿ ಅಚ್ಚಿನ ಯಂತ್ರದಲ್ಲಿಟ್ಟು ಒತ್ತುತ್ತಾರೆ. ಹಾಳೆಯ ನಾರಿನಲ್ಲಿ ಲಿಗ್ನಿನ್ ಎಂಬ ಪದಾರ್ಥವಿದೆ. ತೇವ ಮತ್ತು ಶಾಖಕ್ಕೆ ಅದು ಮೆದುವಾಗುತ್ತದೆ, ಆರಿದಾಗ ಗಟ್ಟಿಯಾಗಿ ಅಚ್ಚಿನ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಆದುದರಿಂದ ಅಂಟು ಬೇಕಿಲ್ಲ. ಅಂಚಿನ ಚೂರುಗಳು ಗೊಬ್ಬರದ ಗುಂಡಿಗೆ ಹೋಗುತ್ತವೆ. ಇದಕ್ಕಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಇದನ್ನು ಹೊಳಪಿನ ಕಾಗದದ ತಟ್ಟೆಯೊಂದಿಗೆ ಹೋಲಿಸಿ ನೋಡಿರಿ. ಅನೇಕ ಕಾಗದದ ತಟ್ಟೆಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿರುತ್ತದೆ. ಬರಿಯ ಕಾಗದವಾಗಿದ್ದರೆ ಮಣ್ಣಿನಲ್ಲಿ ಕೊಳೆಯುತ್ತಿತ್ತು. ಬರಿಯ ಪ್ಲಾಸ್ಟಿಕ್ ಆಗಿದ್ದರೆ ಕರಗಿಸಿ ಮತ್ತೆ ಬಳಸಬಹುದಿತ್ತು. ಎರಡನ್ನೂ ಬಿಡಿಸಲಾಗದಂತೆ ಜೋಡಿಸಿದ್ದರಿಂದ ಎರಡೂ ಕೆಟ್ಟವು. ಜೋಡಿಸುವಾಗಲೇ ಬಿಡಿಸುವ ದಾರಿಯನ್ನೂ ಯೋಚಿಸಬೇಕೆಂಬುದು ಇದರಿಂದ ತಿಳಿಯುವ ಪಾಠ.

ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ ಸರಕಾರ 2020ರ ಜನವರಿ 1ರಿಂದಲೂ, ಕೇಂದ್ರ ಸರಕಾರ 2022ರ ಜುಲೈ 1ರಿಂದಲೂ ನಿಷೇಧಿಸಿದವು. ಆದರೆ ಬರಿಯ ನಿಷೇಧ ಸಾಲದು. ಅವುಗಳ ಬದಲಿಗೆ ಬರುವ ವಸ್ತುವೂ ಪರೀಕ್ಷೆಯಲ್ಲಿ ಗೆಲ್ಲಬೇಕು. ಹಾಳೆ ತಟ್ಟೆಗೂ ಈ ಪರೀಕ್ಷೆ ತಪ್ಪಲಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂದು 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿ, ಇಂಥ ತಟ್ಟೆಗಳನ್ನು ಆಹಾರಕ್ಕೆ ಬಳಸಬಾರದೆಂದಿತು. ಹಾಳೆಯನ್ನು ನಂಬಿ ಬದುಕುವ ಮನೆಗಳು ನಮ್ಮಲ್ಲಿವೆ. ಅವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಹಾಗೆಂದು ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ನಿಸರ್ಗದಿಂದ ಬಂದುದೆಲ್ಲ ನಿರಪಾಯಕರವೆಂದು ನಂಬದೆ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ದೋಷವಿದ್ದರೆ ತಿದ್ದುವುದೇ ವಿಜ್ಞಾನದ ದಾರಿ.

ಇನ್ನೊಂದು ಮಾತು. ಹಾಳೆ ತಟ್ಟೆಯೂ ಸಾಮಾನ್ಯವಾಗಿ ಒಂದು ಊಟಕ್ಕೆ ಮಾತ್ರ. ಅದನ್ನು ಒತ್ತಲು ವಿದ್ಯುತ್ತು, ಸಾಗಿಸಲು ಡೀಸೆಲ್ ಖರ್ಚಾಗುತ್ತದೆ. ಸ್ಟೀಲಿನ ಬಟ್ಟಲಾದರೆ ತೊಳೆದು ತೊಳೆದು ವರ್ಷಗಟ್ಟಲೆ ಉಣ್ಣಬಹುದು. ಆದುದರಿಂದ ಮೊದಲು ಮತ್ತೆ ಮತ್ತೆ ಬಳಸುವ ವಸ್ತು; ಅದು ಸಾಧ್ಯವಾಗದಲ್ಲಿ ಬಾಳೆಲೆಯಂತೆ ಮಣ್ಣಿಗೆ ಮರಳುವ ವಸ್ತು. ಈ ಕ್ರಮ ನೆನಪಿರಲಿ.

ವಿದ್ಯಾರ್ಥಿಗಳೇ, ಅಂಗಡಿಯಲ್ಲಿ ಒಂದು ಪೆನ್ನು ಕೊಳ್ಳುವಾಗಲೂ ಮೂರು ಪ್ರಶ್ನೆ ಕೇಳಿರಿ: ಇದು ಯಾವುದರಿಂದ ಆಯಿತು? ಎಷ್ಟು ಕಾಲ ಬಾಳುತ್ತದೆ? ಕೊನೆಗೆ ಎಲ್ಲಿಗೆ ಹೋಗುತ್ತದೆ? ರೀಫಿಲ್ ಬದಲಾಯಿಸಬಹುದಾದ ಪೆನ್ನು ಎರಡು ರೂಪಾಯಿ ಹೆಚ್ಚಾದರೂ ನಷ್ಟವಿಲ್ಲ. ಹೆತ್ತವರೂ ಮನೆಯಲ್ಲಿ ಮದುವೆ, ಪೂಜೆಗಳಿಗೆ ಸಾಮಾನಿನ ಪಟ್ಟಿ ಬರೆಯುವಾಗ ಇವೇ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ, ಮರುದಿನ ಅಂಗಳದಲ್ಲಿ ಸುಡಬೇಕಾದ ರಾಶಿ ತಾನಾಗಿಯೇ ಸಣ್ಣದಾಗುವುದು.