ರಜೆಯಲ್ಲಿ ಮಾತಿಗೂ ಒಂದು ಕೆಲಸ ಕೊಡಿ



ಅರ್ಜಿ ಕೊಡಲು ಬರುವವರಲ್ಲಿ ಕೆಲವರು ಮೆಲ್ಲಗೆ ಹೇಳುತ್ತಾರೆ: "ಮಗುವಿಗೆ ಮಾತು ಕಡಿಮೆ ಸರ್, ರಜೆ ಬಂದರೆ ಕಲಿತದ್ದೂ ಮರೆಯುತ್ತೆ." ಮರೆಯಲೇಬೇಕೆಂದಿಲ್ಲ. ತುಂಬಿದ ತರಗತಿಯಲ್ಲಿ ಒಂದು ಮಗುವಿನ ಉತ್ತರಕ್ಕಾಗಿ ನಾವು ಮೇಷ್ಟ್ರುಗಳು ಎಷ್ಟು ಹೊತ್ತು ಕಾಯಲು ಸಾಧ್ಯ? ಮನೆಯಲ್ಲಿ ನಾನಿಗೆ ಪುರುಸೊತ್ತಿದೆ.

ಈದ್ ಹಿಂದಿನ ದಿನವನ್ನೇ ನೋಡಿ. ಶ್ಯಾವಿಗೆ ಹುರಿಯುವುದು, ಖರ್ಜೂರದ ಬೀಜ ತೆಗೆಯುವುದು ಇದ್ದೇ ಇರುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಖರ್ಜೂರ ಕೊಟ್ಟು ಸುಮ್ಮನಾಗಿ; ಮನಸ್ಸಿನಲ್ಲೇ ಹತ್ತು ಎಣಿಸಿ. ಮಗು ಕೈ ಚಾಚಬಹುದು, ಕಣ್ಣಲ್ಲಿ ಕೇಳಬಹುದು, ಅದೂ ಮಾತೇ. "ಖಜೂರ್" ಎಂದರೆ ನೀವು "ಔರ್ ಏಕ್ ಖಜೂರ್" ಎನ್ನಿ. ಮಗು ಆಡಿದ್ದಕ್ಕಿಂತ ಒಂದೆರಡು ಪದ ಹೆಚ್ಚು, ಅಷ್ಟೇ ಸಾಕು. "ಇದೇನು? ಅದೇನು?" ಎಂದು ಪೀಡಿಸಬೇಡಿ. ಅದು ಪರೀಕ್ಷೆಯಾಗುತ್ತದೆ, ರಜೆಯಲ್ಲಿ ಯಾವ ಮಗುವಿಗೂ ಅದು ಬೇಡ.

ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುವಾಗಲೂ, ನರಸೀಪುರದ ಸಂಗಮಕ್ಕೆ ಹೋದಾಗಲೂ ಇದೇ ಕ್ರಮ. ಮೈಸೂರಿನ ಮೃಗಾಲಯಕ್ಕೆ ಕರೆದೊಯ್ಯುವುದಾದರೆ ಮೊದಲೇ ಮೊಬೈಲ್‌ನಲ್ಲಿ ಆನೆ, ಜಿರಾಫೆ ತೋರಿಸಿ. ಬಂದ ಮೇಲೆ ಅಲ್ಲಿ ತೆಗೆದ ಫೋಟೋ ಇಟ್ಟುಕೊಂಡು ಅಬ್ಬಾಗೆ, ದಾದಿಗೆ ಮಗುವೇ ತೋರಿಸಲಿ. ನೋಡಿದ್ದಕ್ಕಿಂತ ನೋಡಿದ್ದನ್ನು ಹೇಳುವಾಗ ಭಾಷೆ ಹೆಚ್ಚು ಕೂಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಎರಡು ಭಾಷೆಯಿಂದ ಗೊಂದಲವಾಗುತ್ತದೆ, ಉರ್ದು ಬಿಡಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲೂ ಎರಡು ಭಾಷೆ ಕೇಳಿದ್ದರಿಂದ ಮಾತು ಹಿಂದೆ ಬಿದ್ದಿತೆಂದು ಕಂಡುಬಂದಿಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆ ನಿಂತರೆ ಮನೆಯಲ್ಲಿ ಮಗುವಿನ ಜೊತೆ ಮಾತೇ ಕಡಿಮೆಯಾಗುತ್ತದೆ.

ಇವೆಲ್ಲ ತಪಾಸಣೆಗೆ ಬದಲಿಯಲ್ಲ. ಮಾತು ತಡವಾಗಿದ್ದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಇಷ್ಟು ಹತ್ತಿರವಿದ್ದೂ ನಮ್ಮ ಕಡೆಯವರು ಹೋಗಲು ಹಿಂಜರಿಯುತ್ತಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಅಡ್ಡ ಬರುತ್ತವೆ. ದಾನಿಗಳು ಶಾಲಾ ಶುಲ್ಕದ ಜೊತೆ ಈ ಖರ್ಚನ್ನೂ ಗಮನಿಸಬೇಕೆಂದು ಕೋರುತ್ತೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ತೊಂದರೆಯೂ ಸೇರಿದೆ. ಗುರುತಿನ ಚೀಟಿ ಇದ್ದವರು ಅರ್ಜಿಯೊಂದಿಗೆ ಅದರ ನಕಲು ಲಗತ್ತಿಸಿ. ಇಲ್ಲದವರೂ ಅರ್ಜಿ ಹಾಕಬಹುದು. ಚೀಟಿ ಮಾಡಿಸುವುದು ಹೇಗೆಂದು ನಾವು ತಿಳಿಸುತ್ತೇವೆ.