ಬೆರಳಿಟ್ಟರೆ ಬಿಪಿ ಸಿಗುವುದಿಲ್ಲ

ಓದುಗರೊಬ್ಬರ ಪ್ರಶ್ನೆ: "ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುವ ಆ್ಯಪ್ ಇದೆಯಂತೆ. ಅಮ್ಮನಿಗೆ ಬಿಪಿ ಇದೆ. ಮಷಿನ್ ಕೊಡಿಸಬೇಕೋ, ಆ್ಯಪ್ ಹಾಕಿಕೊಟ್ಟರೆ ಸಾಕೋ?"

ಮಷಿನ್ನೇ ಕೊಡಿಸಿ. ಯಾಕೆ ಎನ್ನುವುದಕ್ಕೆ ಬಿಪಿ ಅಳೆಯುವ ವಿದ್ಯೆ ಮನುಷ್ಯನಿಗೆ ಹೇಗೆ ಒಲಿಯಿತು ಎಂದು ನೋಡಬೇಕು. ವೈದ್ಯಕೀಯದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯವಿದು.

ರಕ್ತದ ಒತ್ತಡವನ್ನು ಮೊದಲು ಅಳೆದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ಅಪಧಮನಿಗೇ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ ಎಂಟು ಅಡಿಗೂ ಮೇಲೇರಿತು. 1733ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆದರೆ ರೋಗಿಯ ತೋಳು ಕೊಯ್ದು ಬಿಪಿ ನೋಡಲಾದೀತೆ? ಆ ತೊಡಕನ್ನು ಸರಳವಾಗಿ ಬಿಡಿಸಿದ್ದು 1896ರಲ್ಲಿ, ಇಟಲಿಯ ವೈದ್ಯ ರೀವಾ-ರೋಚ್ಚಿ. ಅವರ ಸಾಮಗ್ರಿ ಇಷ್ಟೇ: ಶಾಯಿಯ ದೌತಿ, ತಾಮ್ರದ ಕೊಳವೆ, ಸೈಕಲ್ ಟ್ಯೂಬು, ಸ್ವಲ್ಪ ಪಾದರಸ. ತೋಳಿಗೆ ಟ್ಯೂಬು ಸುತ್ತಿ ಗಾಳಿ ತುಂಬುತ್ತಾ ಹೋದರು. ಮಣಿಕಟ್ಟಿನಲ್ಲಿ ನಾಡಿ ಸಿಗದಂತಾದಾಗ ಪಾದರಸ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಂಡರು. ಇದರಿಂದ ಬಿಪಿಯ ಎರಡು ಸಂಖ್ಯೆಗಳಲ್ಲಿ ಮೇಲಿನದು ಸಿಕ್ಕಿತು. ಕೆಳಗಿನದನ್ನೂ ದೊರಕಿಸಿದವರು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊವ್. ತೋಳಿಗೆ ಸುತ್ತಿದ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು, ಗಾಳಿ ಇಳಿಸುವಾಗ ಟಪ್ ಟಪ್ ಸದ್ದು ಶುರುವಾಗುವ ಮತ್ತು ನಿಲ್ಲುವ ಕ್ಷಣಗಳನ್ನು ಗುರುತಿಸಬೇಕು ಎಂದು 1905ರಲ್ಲಿ ಅವರು ಮಂಡಿಸಿದ ವರದಿ ಒಂದು ಪುಟಕ್ಕಿಂತ ಚಿಕ್ಕದು. ಇವತ್ತಿಗೂ ಡಾಕ್ಟರು ನಿಮ್ಮ ತೋಳಿಗೆ ಪಟ್ಟಿ ಕಟ್ಟಿ ಕಿವಿಗೊಟ್ಟರೆ ಅವರು ಕೇಳುತ್ತಿರುವುದು ಕೊರೊಟ್ಕೊವ್ ಕೇಳಿದ ಸದ್ದನ್ನೇ.

ಇದರ ಗುಟ್ಟು ತಿಳಿಯಬೇಕಾದರೆ ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ರಬ್ಬರ್ ಪೈಪನ್ನು ನೆನೆಯಿರಿ. ಒಳಗೆ ನೀರು ಹರಿಯುತ್ತಿದೆ ಎನ್ನುವುದು ಪೈಪು ಮುಟ್ಟಿದರೆ ಗೊತ್ತಾಗುತ್ತದೆ. ಮೋಟಾರು ಬಿಟ್ಟು ಬಿಟ್ಟು ತಳ್ಳುತ್ತಿದ್ದರೆ ಆ ಮಿಡಿತವೂ ಕೈಗೆ ಸಿಗುತ್ತದೆ, ಎಷ್ಟು ಸಲ ಎಂದು ಎಣಿಸಬಹುದು. ಆದರೆ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ? ಮುಟ್ಟಿ, ನೋಡಿ ಹೇಳಲಾಗದು. ಪೈಪಿನ ಮೇಲೆ ಕಾಲಿಟ್ಟು ಅದುಮಬೇಕು. ಎಷ್ಟು ಭಾರ ಹಾಕಿದಾಗ ನೀರು ನಿಂತಿತೋ ಒಳಗಿನ ಒತ್ತಡ ಅಷ್ಟು. ಕಾಲು ಮೆಲ್ಲಗೆ ಸಡಿಲಿಸಿದರೆ ಇಕ್ಕಟ್ಟಿನಲ್ಲಿ ನುಗ್ಗುವ ನೀರು ಸದ್ದು ಮಾಡುತ್ತದೆ, ಪೈಪು ಪೂರ್ತಿ ತೆರೆದುಕೊಂಡರೆ ಸದ್ದು ಅಡಗುತ್ತದೆ. ತೋಳಿನ ಪಟ್ಟಿ ಮಾಡುವುದು ಈ ಕಾಲಿನ ಕೆಲಸ.

ಈಗ ಮೊಬೈಲಿಗೆ ಬನ್ನಿ. ಫ್ಲ್ಯಾಶ್ ಬೆಳಗಿಸಿ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಪರದೆ ಕೆಂಪಾಗುತ್ತದೆ. ಹೃದಯ ಬಡಿದಾಗಲೆಲ್ಲ ಬೆರಳತುದಿಗೆ ಒಂದಿಷ್ಟು ಹೆಚ್ಚು ರಕ್ತ ಬಂದು ಬೆಳಕನ್ನು ಹೀರಿ, ಆ ಕೆಂಪು ತುಸು ಕಪ್ಪಾಗುತ್ತದೆ. ಇದನ್ನು ಎಣಿಸಿದರೆ ನಾಡಿಬಡಿತ ಚೆನ್ನಾಗಿಯೇ ಸಿಗುತ್ತದೆ. ಆದರೆ ಇದು ಪೈಪು ಮುಟ್ಟಿ ನೋಡಿದಂತೆ. ಅದುಮಿದವರು ಯಾರೂ ಇಲ್ಲ. ಚಳಿಗೆ ಕೈ ತಣ್ಣಗಾದರೂ ಆ ಅಲೆಯ ಆಕಾರ ಬದಲಾಗುತ್ತದೆ. ಬಿಪಿ ತೋರಿಸುವ ಕೆಲವು ಸ್ಮಾರ್ಟ್‌ವಾಚುಗಳೂ ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಮಷಿನ್ನಿನೊಂದಿಗೆ ತಾಳೆ ನೋಡಿಸಿಕೊಳ್ಳಲೇಬೇಕು.

ಇಷ್ಟಾದರೂ 2014ರಲ್ಲಿ ಅಮೆರಿಕದಲ್ಲಿ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಎಂಬ ಆ್ಯಪ್ ಬಂತು. ಫೋನಿನ ಅಂಚನ್ನು ಎದೆಗೊತ್ತಿ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಕೊಂಡರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 85 ಜನರ ಮೇಲೆ ಅದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜಕ್ಕೂ ಬಿಪಿ ಏರಿದ್ದ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಆ್ಯಪ್ "ಏರಿಲ್ಲ" ಎನ್ನುತ್ತಿತ್ತು! ಅದೇ ವರ್ಷ ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ್ಯಪ್ ಮಾಡಿದ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಬಿಪಿ ಏರಿದರೆ ನೋವಿಲ್ಲ, ಜ್ವರವಿಲ್ಲ. ಸಂಖ್ಯೆಯೊಂದೇ ಎಚ್ಚರಿಕೆ. ಆ ಸಂಖ್ಯೆಯೇ ಸುಳ್ಳಾದರೆ ಮಾತ್ರೆ ಬಿಡುವವರು ಬಿಟ್ಟೇಬಿಡುತ್ತಾರೆ, ಆಮೇಲೆ ಪಾರ್ಶ್ವವಾಯು ಬಡಿದಾಗ ಆ್ಯಪ್ ಹೊಣೆ ಹೊರುವುದಿಲ್ಲ.

ಹಾಗಾದರೆ ಮೊಬೈಲಿನಿಂದ ಉಪಯೋಗವೇ ಇಲ್ಲವೆ? ಖಂಡಿತ ಇದೆ, ಅಳತೆಯ ಆಚೆಗೆ. ಭಾರತದಲ್ಲಿ ಬಿಪಿ ಕಾರ್ಯಕ್ರಮಕ್ಕೆ ಬಳಸುತ್ತಿರುವ 'ಸಿಂಪಲ್' ಎಂಬ ಆ್ಯಪನ್ನು ನೋಡಿ. ಬೆಂಗಳೂರಿನ ಇಂಜಿನಿಯರುಗಳೂ ಸೇರಿ ಕಟ್ಟಿದ್ದು. ನರ್ಸ್ ರೋಗಿಯ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮಷಿನ್ನಿನಲ್ಲಿ ನೋಡಿದ ಬಿಪಿ ನಮೂದಿಸಿ, ಯಾವ ಮಾತ್ರೆ ಎಂದು ಗುರುತು ಹಾಕಿದರೆ ಮುಗಿಯಿತು. ಅರ್ಧ ನಿಮಿಷವೂ ಬೇಡ. ತಿಂಗಳು ಕಳೆದರೂ ಬಾರದವರ ಪಟ್ಟಿಯನ್ನು ಅದೇ ಮುಂದಿಡುತ್ತದೆ, ಪಕ್ಕದಲ್ಲೇ ಫೋನ್ ನಂಬರು. ನರ್ಸ್ ಕರೆಮಾಡಿ "ಯಾಕಮ್ಮಾ, ಮಾತ್ರೆ ತಗೊಳ್ಳೋಕೆ ಬರಲಿಲ್ಲ?" ಎಂದು ಕೇಳಬಹುದು.

ಇಲ್ಲಿ ಜೀವ ಉಳಿಸುವುದು ಆ ಕರೆ ಎಂದೇ ನನ್ನ ನಂಬಿಕೆ. ಇದಕ್ಕೆ ಇನ್ನೊಂದು ಪ್ರಯೋಗವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 'ಎಂ-ವೆಲ್‌ಕೇರ್' ಎಂಬ ಅಧ್ಯಯನ ನಡೆಯಿತು. ಅರ್ಧ ಕಡೆ ಚಿಕಿತ್ಸೆಯ ಸಲಹೆ ಕೊಡುವ ಟ್ಯಾಬ್ಲೆಟ್ ಕಂಪ್ಯೂಟರ್, ಉಳಿದ ಕಡೆ ಸಿಬ್ಬಂದಿಗೆ ತರಬೇತಿ ಮತ್ತು ಗೋಡೆಗೆ ಚಾರ್ಟು. 2019ರಲ್ಲಿ ಫಲಿತಾಂಶ ಬಂತು: ಬಿಪಿ ಎರಡೂ ಕಡೆ ಇಳಿದಿತ್ತು, ಒಂದು ವರ್ಷದ ಕೊನೆಗೆ ವ್ಯತ್ಯಾಸವೇನೂ ಇರಲಿಲ್ಲ. ಜನರನ್ನು ವಿಚಾರಿಸಿಕೊಳ್ಳುವ ಸಿಬ್ಬಂದಿ, ಕೈಗೆ ಸಿಗುವ ಮಾತ್ರೆ, ಇವೆರಡೂ ಇದ್ದ ಕಡೆ ಸಾಫ್ಟ್‌ವೇರ್ ಹೊಸದಾಗಿ ಸೇರಿಸಿದ್ದು ಅಲ್ಪ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಆದ್ದರಿಂದ ಓದುಗರೇ, ತೋಳಿಗೆ ಕಟ್ಟುವ ಪಟ್ಟಿಯ ಮಷಿನ್ ಕೊಳ್ಳಿ, ಪಟ್ಟಿ ಅಮ್ಮನ ತೋಳಿನ ಅಳತೆಗೆ ಸರಿಯಾಗಿರಲಿ. ಅವರು ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ ಸುಮ್ಮನೆ ಕುಳಿತ ಮೇಲೆ ನೋಡಿ. ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಡಿ, ಮಾತ್ರೆಯ ಹೊತ್ತಿಗೆ ಅಲಾರಂ ಇಡಿ. ನೀವು ಬೇರೆ ಊರಿನಲ್ಲಿದ್ದರೆ ದಿನಾ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ ಅಮ್ಮಾ?" ಎಂದು ಕೇಳಿ. ಯಾವ ಆ್ಯಪ್ ಹಾಕಿಕೊಟ್ಟರೂ ಈ ಕೆಲಸ ನಿಮ್ಮದೇ.