ಉದ್ಯಾನವೂ ಸಹಾಯದ್ರವ್ಯವೂ

ಊರಿನ ನಡುವೆ ಒಂದು ಸಾರ್ವಜನಿಕ ಉದ್ಯಾನವಿದೆಯೆಂದು ಇಟ್ಟುಕೊಳ್ಳೋಣ. ಮುಂದಾಲೋಚನೆಯುಳ್ಳ ಹಿರಿಯರು ಎಂದೋ ಬಿಟ್ಟುಹೋದ ಜಾಗ. ಈಗ ಅಲ್ಲಿಯ ಕಾಲುದಾರಿ ಕಿತ್ತುಹೋಗಿದೆ. ಉಯ್ಯಾಲೆಯ ಸರಪಣಿ ತುಂಡಾಗಿದೆ. ಕತ್ತಲಾದ ಮೇಲೆ ದೀಪವಿಲ್ಲದೆ ಹೆಂಗಸರೂ ಮಕ್ಕಳೂ ಒಳಕ್ಕೆ ಕಾಲಿಡರು. ಇದನ್ನು ಸರಿಪಡಿಸಕೂಡದೆಂದು ಹೇಳುವ ಪೌರಸಭಾ ಸದಸ್ಯರು ಒಬ್ಬರೂ ಸಿಕ್ಕಲಾರರು. ಆದರೆ ಆಯವ್ಯಯದ ಪಟ್ಟಿ ಮೇಜಿನ ಮೇಲೆ ಬಂದಾಗ ಕೊಳಾಯಿ, ಚರಂಡಿ, ರಸ್ತೆ, ಕಸ ಇವೆಲ್ಲ ಮುಂದೆ ನಿಲ್ಲುತ್ತವೆ; ಉದ್ಯಾನದ ಸರದಿ ಬರುವ ಹೊತ್ತಿಗೆ ಥೈಲಿ ಬರಿದಾಗಿರುತ್ತದೆ. ಚರಂಡಿ ಕಟ್ಟಿಕೊಂಡರೆ ಊರೆಲ್ಲ ಕೂಗುತ್ತದೆ. ಉದ್ಯಾನ ಸೊರಗಿದರೆ ಜನ ಸುಮ್ಮನೆ ಅಲ್ಲಿಗೆ ಹೋಗುವುದನ್ನು ಬಿಡುತ್ತಾರೆ, ಅಷ್ಟೆ. ಆದಕಾರಣ ನಗರಗಳು ತಮಗಿಂತ ದೊಡ್ಡ ಬೊಕ್ಕಸದ ಕಡೆಗೆ ಕೈಚಾಚಬೇಕಾಗುತ್ತದೆ. ಹಾಗೆ ಬರುವ ಸಹಾಯದ್ರವ್ಯ ಯಾವ ರೀತಿಯದು, ಅದರ ಹಿಂದೆ ಬರುವ ಕಟ್ಟುಪಾಡುಗಳೇನು ಎಂಬುದೇ ಇಂದಿನ ವಿಷಯ.

ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಿದರ್ಶನವನ್ನು ತೆಗೆದುಕೊಂಡಿದ್ದೇನೆ. ಅಲ್ಲಿ ಈ ವ್ಯವಸ್ಥೆಗೆ ಅರುವತ್ತು ವರ್ಷಗಳ ಅನುಭವವಿದೆ. ನಿಬಂಧನೆಗಳು ಸ್ಪಷ್ಟವಾಗಿ ಬರೆದಿಟ್ಟಂಥವು. ಅವು ಪರೀಕ್ಷೆಗೆ ಒಳಗಾದ ಪ್ರಸಂಗಗಳೂ ಉಂಟು.

ಆ ದೇಶದ ಶಾಸನಸಭೆಯಾದ ಕಾಂಗ್ರೆಸ್ಸು ಅಂಗೀಕರಿಸಿದ ಒಂದು ಮಸೂದೆಗೆ 1964ನೆಯ ಇಸವಿ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅಂಕಿತ ಹಾಕಿದರು. ಅದರಿಂದ ಹುಟ್ಟಿದ್ದು ಭೂಮಿ ಮತ್ತು ಜಲ ಸಂರಕ್ಷಣಾ ನಿಧಿ. 1965ರಿಂದ ಅದು ಕೆಲಸಮಾಡುತ್ತ ಬಂದಿದೆ. ಮೊದಲಲ್ಲಿ ಈ ನಿಧಿಗೆ ಸಣ್ಣಪುಟ್ಟ ವರಮಾನಗಳೇ ಆಧಾರವಾಗಿದ್ದವು: ಸರ್ಕಾರಕ್ಕೆ ಬೇಡವಾದ ಆಸ್ತಿಗಳ ಮಾರಾಟ, ಮೋಟಾರು ದೋಣಿಗಳ ಇಂಧನದ ಮೇಲಿನ ತೆರಿಗೆ, ಪ್ರವೇಶ ಶುಲ್ಕ. 1968ರಲ್ಲಿ ಕಾಯಿದೆಯನ್ನು ತಿದ್ದಿ, ಸಮುದ್ರತಳದಿಂದ ಎಣ್ಣೆಯನ್ನೂ ಅನಿಲವನ್ನೂ ತೆಗೆಯುವ ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಸೇರಿಸಿದರು. ಇದರಲ್ಲಿ ಒಂದು ನ್ಯಾಯವಿದೆ. ದೇಶದ ಸ್ವತ್ತೊಂದು ತೆಗೆದಷ್ಟೂ ಕರಗಿಹೋಗುವಂಥದು. ಅದರ ಬೆಲೆಯಲ್ಲಿ ಸ್ವಲ್ಪವನ್ನಾದರೂ ಕರಗದೆ ನಿಲ್ಲುವ ಸ್ವತ್ತಿಗೆ ಹಾಕತಕ್ಕದ್ದು. ತಾತನ ತೋಪನ್ನು ಕಡಿದು ಮಾರಿದವನು ಆ ಹಣದಲ್ಲಿ ಒಂದು ಬಾವಿಯನ್ನಾದರೂ ತೋಡಿಸಲಿ ಎಂಬಂತೆ.

ಆದರೆ ಕಾಗದದ ಮೇಲಿನ ನಿಧಿಗೂ ಕೈಗೆ ಬರುವ ಹಣಕ್ಕೂ ಅಂತರ ಬಹಳ. ವರ್ಷಕ್ಕೆ 90 ಕೋಟಿ ಡಾಲರುಗಳವರೆಗೆ ಕೊಡಬಹುದೆಂದು 1970ರ ದಶಕದಲ್ಲಿಯೇ ಕಾಯಿದೆ ಹೇಳಿತಾದರೂ, ಕಾಂಗ್ರೆಸ್ಸು ಪೂರ್ತಿ ಮೊಬಲಗನ್ನು ಮಂಜೂರು ಮಾಡಿದ ವರ್ಷಗಳು ಬೆರಳೆಣಿಕೆಯವು. ಮಿಕ್ಕ ಹಣ ಬೇರೆ ವೆಚ್ಚಗಳಿಗೆ ಹರಿದುಹೋಯಿತು. 2019ರಲ್ಲಿ ನಿಧಿಯನ್ನು ಶಾಶ್ವತಗೊಳಿಸಿದರು. 2020ರ ಆಗಸ್ಟಿನಲ್ಲಿ ಮತ್ತೊಂದು ಕಾಯಿದೆಯಿಂದ ಆ 90 ಕೋಟಿಯನ್ನು ವರ್ಷವರ್ಷವೂ ಪೂರ್ತಿಯಾಗಿ ಒದಗಿಸುವ ಏರ್ಪಾಡಾಯಿತು. ಇದೆಲ್ಲವೂ ನಗರಗಳ ಉದ್ಯಾನಗಳಿಗೇ ಅಲ್ಲ. ರಾಷ್ಟ್ರೀಯ ಅರಣ್ಯಗಳು, ವನ್ಯಧಾಮಗಳು ಮೊದಲಾದುವೂ ಇದರಲ್ಲಿ ಪಾಲುದಾರರು.

ಇನ್ನು ನಗರವೊಂದು ಈ ಹಣವನ್ನು ಪಡೆಯುವ ಬಗೆ. ಕೇಂದ್ರ ಸರ್ಕಾರ ನಗರಕ್ಕೆ ನೇರವಾಗಿ ಕೊಡುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟೆಂದು ಹಂಚುತ್ತದೆ. ರಾಜ್ಯವು ಬಯಲಿನ ವಿಹಾರಸ್ಥಳಗಳನ್ನು ಕುರಿತು ಐದು ವರ್ಷಗಳಿಗೊಮ್ಮೆ ಒಂದು ಯೋಜನೆಯನ್ನು ಸಿದ್ಧಪಡಿಸಿರಬೇಕು. ಎಲ್ಲಿ ಉದ್ಯಾನಗಳಿಲ್ಲ, ಜನಕ್ಕೆ ಬೇಕಾದುದೇನು ಎಂಬ ವಿಚಾರವೆಲ್ಲ ಅದರಲ್ಲಿ ಇರತಕ್ಕದ್ದು. ನಗರವು ರಾಜ್ಯಕ್ಕೆ ಅರ್ಜಿ ಹಾಕುತ್ತದೆ. ಬಂದ ಅರ್ಜಿಗಳನ್ನು ರಾಜ್ಯವು ಅಂಕಗಳ ಮೇಲೆ ತೂಗಿ, ಆಯ್ದವನ್ನು ಕೇಂದ್ರದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಕಳುಹಿಸುತ್ತದೆ. ಅರ್ಜಿಯೊಡನೆ ನಕ್ಷೆ, ಅಂದಾಜು ಪಟ್ಟಿ, ಪರಿಸರದ ಮೇಲಾಗುವ ಪರಿಣಾಮದ ವಿವರ ಎಲ್ಲವೂ ಬೇಕು. ನಮ್ಮ ಕಚೇರಿಗಳಲ್ಲಿ ಮಾತ್ರ ಕಡತ ಬೆಳೆಯುತ್ತದೆಂದು ತಿಳಿದವರು ಇದನ್ನು ಕೇಳಿ ಸ್ವಲ್ಪ ಸಮಾಧಾನ ಪಡಬಹುದು.

ಈ ಸಹಾಯ ಪೂರ್ತಿ ದಾನವಲ್ಲ. ಸಾಮಾನ್ಯವಾಗಿ ವೆಚ್ಚದಲ್ಲಿ ಅರ್ಧಕ್ಕೆ ಮೀರಿ ನಿಧಿಯಿಂದ ಬರುವುದಿಲ್ಲ. ಉಳಿದ ಅರ್ಧವನ್ನು ಊರೇ ಹೊಂದಿಸಬೇಕು. ಅದು ನಗದಾಗಿಯೇ ಇರಬೇಕೆಂದಿಲ್ಲ. ಯಾರಾದರೂ ದಾನವಾಗಿ ಕೊಟ್ಟ ನೆಲದ ಬೆಲೆ, ಜನರು ಕೂಲಿಯಿಲ್ಲದೆ ಮಾಡಿದ ಕೆಲಸ ಇವುಗಳಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುವುದುಂಟು. ಇನ್ನೊಂದು ಮಾತು: ನಿಧಿಯ ಹಣ ಮುಂಗಡವಾಗಿ ಬರುವುದಿಲ್ಲ. ಊರು ಮೊದಲು ತನ್ನ ಗಂಟಿನಿಂದ ಖರ್ಚುಮಾಡಿ, ರಸೀದಿಗಳನ್ನು ಒಪ್ಪಿಸಿ, ಆಮೇಲೆ ತನ್ನ ಪಾಲನ್ನು ವಾಪಸು ಪಡೆಯಬೇಕು. ಈ ಏರ್ಪಾಡಿನಿಂದ ದುಂದು ತಪ್ಪುತ್ತದೆ, ನಿಜ. ಆದರೆ ಯಾವ ಊರಿಗೆ ಮುಂಗಡವಾಗಿ ಖರ್ಚುಮಾಡಲು ಶಕ್ತಿಯಿಲ್ಲವೋ, ಅರ್ಜಿ ಬರೆಯಬಲ್ಲ ಅಧಿಕಾರಿಗಳಿಲ್ಲವೋ, ಆ ಊರು ಹಿಂದೆ ಬೀಳುತ್ತದೆ. ಅತ್ಯಂತ ಅಗತ್ಯವುಳ್ಳವರೇ ಬಾಗಿಲಲ್ಲಿ ನಿಲ್ಲುವಂತಾಗುವುದು ಈ ಪದ್ಧತಿಯ ದೊಡ್ಡ ಕುಂದೆಂದು ನನ್ನ ಅಭಿಪ್ರಾಯ. ಇದು ಅವರಿಗೂ ಗೊತ್ತಿಲ್ಲದ್ದಲ್ಲ. ಉದ್ಯಾನಗಳ ಅಭಾವವುಳ್ಳ ಬಡ ಕೇರಿಗಳಿಗೆಂದೇ 2014ರಿಂದ ಬೇರೊಂದು ಸಹಾಯವನ್ನು ಇದೇ ನಿಧಿಯಿಂದ ತೆಗೆದಿಟ್ಟರು. ಅದಕ್ಕೂ ಅರ್ಧ ಪಾಲಿನ ನಿಯಮ ತಪ್ಪಲಿಲ್ಲ.

ನೆಲ ಕೊಳ್ಳುವುದಕ್ಕೆ, ಆಟದ ಬಯಲನ್ನು ಮಾಡುವುದಕ್ಕೆ, ಹಳೆಯದನ್ನು ಜೀರ್ಣೋದ್ಧಾರ ಮಾಡುವುದಕ್ಕೆ ನಿಧಿಯಲ್ಲಿ ಹಣವಿದೆ. ಹುಲ್ಲು ಕತ್ತರಿಸುವುದಕ್ಕೆ, ದೀಪದ ಖರ್ಚಿಗೆ, ಮಾಲಿಯ ಸಂಬಳಕ್ಕೆ ಇಲ್ಲ. ಅದು ಎಂದೆಂದಿಗೂ ಊರಿನ ಹೊರೆಯೇ.

‘ಎಂದೆಂದಿಗೂ’ ಎಂದೆನಷ್ಟೆ. ಇಲ್ಲಿಗೆ ಈ ಕಾಯಿದೆಯ ತಿರುಳಿಗೆ ಬಂದೆವು. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಆಚಂದ್ರಾರ್ಕ’ ಎಂಬ ಮಾತು ಪರಿಚಿತ: ಚಂದ್ರಸೂರ್ಯರಿರುವತನಕ ಈ ದತ್ತಿ ನಡೆಯಲೆಂದು ಕಲ್ಲಿನಲ್ಲಿ ಕೊರೆಯುತ್ತಿದ್ದರು, ಕೆಡಿಸಿದವನಿಗೆ ಪಾಪದ ಭಯವನ್ನೂ ಕೆಳಗೆ ಬರೆಯುತ್ತಿದ್ದರು. ಅಮೆರಿಕದ ಈ ಕಾಯಿದೆಯ ಆರನೆಯ ಕಲಮಿನಲ್ಲಿರುವ ಒಂದು ಉಪಕಲಮು ಅಂಥದೇ. ನಿಧಿಯ ಹಣ ಒಮ್ಮೆ ಸೋಕಿದ ಉದ್ಯಾನ ಮುಂದೆ ಸದಾಕಾಲವೂ ಸಾರ್ವಜನಿಕ ವಿಹಾರಕ್ಕೇ ಮೀಸಲು. ಸಹಾಯ ಬಂದದ್ದು ಒಂದು ಆಟದ ಅಂಗಳಕ್ಕೇ ಆದರೂ, ಒಪ್ಪಂದದ ನಕ್ಷೆಯಲ್ಲಿ ಗೆರೆಯ ಒಳಗೆ ಬಂದ ನೆಲವೆಲ್ಲ ಈ ಕಟ್ಟಿಗೆ ಒಳಪಡುತ್ತದೆ. ಬೇರೆ ಉಪಯೋಗಕ್ಕೆ ತೆಗೆದುಕೊಳ್ಳಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಬೇರೆ ಹಾದಿಗಳನ್ನೆಲ್ಲ ನೋಡಿ ಬಿಟ್ಟಿರಬೇಕು. ಅಷ್ಟೇ ಬೆಲೆ ಬಾಳುವ, ಅಷ್ಟೇ ಉಪಯುಕ್ತವಾದ ನೆಲವನ್ನು ಬದಲಿಗೆ ಕೊಡಬೇಕು. ಪಾಪದ ಬದಲು ಇಲ್ಲಿ ಬದಲಿ ನೆಲ.

ಈ ಮಾತಿನ ಪರೀಕ್ಷೆ ನಡೆದದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ. ಅಲ್ಲಿ ಮೇಕೂಂಬ್ಸ್ ಡ್ಯಾಮ್ ಉದ್ಯಾನವೆಂದು ಒಂದಿತ್ತು. ಸುತ್ತಲಿನ ಸಾಧಾರಣ ಜನರ ಮಕ್ಕಳು ಓಡಿ ಆಡುವ ಬಯಲು. ಪಕ್ಕದಲ್ಲಿ 1923ರಲ್ಲಿ ಕಟ್ಟಿದ ಯಾಂಕೀ ತಂಡದ ಬೇಸ್‌ಬಾಲ್ ಕ್ರೀಡಾಂಗಣ. ತಂಡಕ್ಕೆ ಹೊಸ ಕ್ರೀಡಾಂಗಣ ಬೇಕಾಯಿತು. ಅದಕ್ಕೆ ಈ ಉದ್ಯಾನದ ನೆಲವನ್ನೂ ನೆರೆಯ ಇನ್ನೊಂದು ಉದ್ಯಾನದ ಭಾಗವನ್ನೂ ಬಿಟ್ಟುಕೊಡಲು ನಗರ ಒಪ್ಪಿತು. ನಿವಾಸಿಗಳು ನ್ಯಾಯಸ್ಥಾನದ ಮೆಟ್ಟಿಲೇರಿದರೂ ಕೆಲಸ ನಿಲ್ಲಲಿಲ್ಲ. 2006ರಲ್ಲಿ ಮರಗಳು ಉರುಳಿದವು. 2009ರ ಏಪ್ರಿಲಿನಲ್ಲಿ ಹೊಸ ಕ್ರೀಡಾಂಗಣ ತೆರೆಯಿತು.

ಆದರೆ ಮೇಕೂಂಬ್ಸ್ ಡ್ಯಾಮ್ ಉದ್ಯಾನದಲ್ಲಿ ಸುಮಾರು ಹತ್ತು ಎಕರೆಗೆ ಹಿಂದೊಮ್ಮೆ ಈ ನಿಧಿಯ ಸಹಾಯ ಬಂದಿತ್ತು. ಆದ್ದರಿಂದ ಆ ಹತ್ತು ಎಕರೆಗೆ ಬದಲಿಯನ್ನು ಕೊಡದೆ ಗತಿಯಿರಲಿಲ್ಲ. ಹಳೆಯ ಕ್ರೀಡಾಂಗಣವನ್ನು ಕೆಡವಿ ಅದೇ ನಿವೇಶನದಲ್ಲಿ ಆಟದ ಬಯಲನ್ನು ಮಾಡಿದರು. ಅದು ಜನಕ್ಕೆ ದೊರೆತದ್ದು 2012ರಲ್ಲಿ. ನೆಲಕ್ಕೆ ನೆಲ ಬಂದಿತು, ಕಾಯಿದೆ ಗೆದ್ದಿತು ಎಂದು ಹೇಳಬಹುದು. ಆದರೆ 2006ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವನು ಆ ಬಯಲಿನಲ್ಲಿ ಚೆಂಡು ಹಿಡಿಯುವ ಹೊತ್ತಿಗೆ ಹದಿನಾಲ್ಕು ವರ್ಷದವನಾಗಿದ್ದ. ಬದಲಿ ಎಂಬುದು ಬೆಲೆಯನ್ನು ತೂಗುತ್ತದೆ, ಬಾಲ್ಯವನ್ನು ತೂಗಲಾರದು.

ಅದೇ ನಗರದ ಬ್ರೂಕ್ಲಿನ್ ಭಾಗದಲ್ಲಿ ನಡೆದುದು ಬೇರೊಂದು ಬಗೆ. ಹೊಳೆಯ ದಂಡೆಯ ಉದ್ಯಾನವೊಂದರಲ್ಲಿ ಮಾಡಿಲ್ಲದ ಹಳೆಯ ತಂಬಾಕಿನ ಉಗ್ರಾಣವಿತ್ತು. ಉದ್ಯಾನಕ್ಕೆ ನಿಧಿಯ ಸಹಾಯ ಬಂದಿತ್ತು. ಉಗ್ರಾಣ ನಕ್ಷೆಯ ಗೆರೆಯ ಒಳಗಿತ್ತು. 2008ರಲ್ಲಿ, ಅದು ತಪ್ಪಿನಿಂದ ಸೇರಿತ್ತೆಂದು ಹೇಳಿ ಗೆರೆಯನ್ನು ತಿದ್ದಿ ಉಗ್ರಾಣವನ್ನು ಹೊರಗೆ ಹಾಕಿದರು. ಕೆಲವು ನಾಗರಿಕ ಸಂಘಗಳು ದಾವೆ ಹೂಡಿದವು. ನಕ್ಷೆಯನ್ನು ಹೀಗೆ ತಿದ್ದಲು ಅಧಿಕಾರವಿಲ್ಲವೆಂದು 2011ರಲ್ಲಿ ಕೇಂದ್ರ ನ್ಯಾಯಾಧೀಶರು ತೀರ್ಪಿತ್ತರು. ಆ ಬಳಿಕ ನಗರವು ನೇರ ದಾರಿಯನ್ನೇ ಹಿಡಿದು, ಬದಲಿ ನೆಲವನ್ನು ಗೊತ್ತುಮಾಡಿ ಒಪ್ಪಿಗೆ ಪಡೆಯಿತು. 2015ರಲ್ಲಿ ಆ ಉಗ್ರಾಣದ ಗೋಡೆಗಳ ನಡುವೆ ಒಂದು ನಾಟಕಶಾಲೆ ತೆರೆಯಿತು.